ಜಿ-ಎಚ್ ಇರುವ ಐದಕ್ಷರದ ಪದಗಳು: ಚೌಕಾಬಾರದ ಮನೆಗಳಲ್ಲಿ ಕಲಿಸಿದ ನನ್ನ ಅನುಭವ

ಮಂಡ್ಯದ ಪಕ್ಕದ ಹಳ್ಳಿ ನಮ್ಮದು. ಹಿತ್ತಲಿನಿಂದ ಕೂಗಳತೆ ದೂರದಲ್ಲಿ ವಿ.ಸಿ. (ವಿಶ್ವೇಶ್ವರಯ್ಯ) ನಾಲೆ. ಸಂಜೆ ಐದೂವರೆಯಾದರೆ ನಮ್ಮ ಜಗಲಿಗೆ ಹನ್ನೊಂದು ಮಕ್ಕಳು ಟ್ಯೂಷನ್ನಿಗೆ ಬರುತ್ತಾರೆ. ಆರು, ಏಳನೇ ಕ್ಲಾಸಿನವರು, ಕನ್ನಡ ಮೀಡಿಯಂ. ನೈಟ್ ಬರೆಯಿರಿ ಅಂದರೆ ಎನ್-ಐ-ಟಿ-ಇ ಎಂದು ಬರೆಯುತ್ತಿದ್ದರು. ಅದರಲ್ಲಿ ಅವರ ತಪ್ಪೇನಿದೆ? ಕನ್ನಡದಲ್ಲಿ ಕೇಳಿಸಿದ್ದನ್ನು ಬರೆದರೆ ಮುಗಿಯಿತು. ಬಾಯಲ್ಲಿ ಬಾರದ ಅಕ್ಷರವನ್ನು ಕೈಯಲ್ಲಿ ಬರೆಯಬೇಕು ಅನ್ನುವುದೇ ಅವರಿಗೆ ಹೊಸದು.

ಮೊದಲು ನಾನೂ ಪಟ್ಟಿ ಮಾಡಿಸಿದೆ. ಜಿ-ಎಚ್ ಇರುವ ಪದ ಒಂದು ಕಡೆ, ಅರ್ಥ ಇನ್ನೊಂದು ಕಡೆ, ದಿನಕ್ಕೆ ಐದು ಬಾಯಿಪಾಠ. ವಾರ ಕಳೆದು ಕೇಳಿದರೆ ರಫ್‌ನ ಅರ್ಥ ಟಫ್‌ಗೆ, ಟಫ್‌ನ ಅರ್ಥ ಕಾಫ್‌ಗೆ. ಆಗ ನೆನಪಾದದ್ದು ಮೈಸೂರಿನಲ್ಲಿರುವ ಅಕ್ಕನ ಮಗಳು. ಅವಳು ಫೋನಿನಲ್ಲಿ ವರ್ಡಲ್ ಆಡುತ್ತಾಳೆ: ಐದಕ್ಷರದ ಒಂದು ಪದ, ಆರು ಸಲ ಊಹಿಸಬಹುದು. ನನ್ನ ಮಕ್ಕಳ ಹತ್ತಿರ ಫೋನಿಲ್ಲ. ಆದರೆ ಐದು ಮನೆಯ ಲೆಕ್ಕ ಅವರಿಗೆ ಚೌಕಾಬಾರದಿಂದಲೇ ಗೊತ್ತು. ಸುಣ್ಣದ ಕಡ್ಡಿಯಲ್ಲಿ ನೆಲದ ಮೇಲೆ ಐದೈದು ಇಪ್ಪತ್ತೈದು ಮನೆ ಬರೆದೆ. ಒಂದು ಸಾಲಿಗೆ ಒಂದು ಪದ. ಜಿ ಮತ್ತು ಎಚ್ ಎರಡನ್ನು ನಾನೇ ಕೂರಿಸಿ, ಉಳಿದ ಮೂರು ಮನೆ ತುಂಬಲು ಬಿಟ್ಟೆ.

ಹೀಗೆ ಅಕ್ಷರಗಳನ್ನು ಮನೆಯಲ್ಲಿ ಕೂರಿಸಿದಾಗ, ಇಷ್ಟು ವರ್ಷ ಕಲಿಸಿಯೂ ನಾನು ಗಮನಿಸದೇ ಇದ್ದದ್ದು ಕಣ್ಣಿಗೆ ಬಿತ್ತು. ಮೂರನೇ, ನಾಲ್ಕನೇ ಮನೆಯಲ್ಲಿ ಈ ಜೋಡಿ ಇದ್ದರೆ ಅದು ತುಟಿ ಬಿಚ್ಚುವುದೇ ಇಲ್ಲ: ನೈಟ್, ಲೈಟ್, ರೈಟ್, ಸೈಟ್, ಫೈಟ್, ಟೈಟ್, ಏಟ್. ಮೊದಲ ಎರಡು ಮನೆಯಲ್ಲಿದ್ದರೆ ಬರೀ ಗ: ಗೋಸ್ಟ್ ಅಂದರೆ ದೆವ್ವ. ಒಬ್ಬ ಹುಡುಗ ಭೂಪಟದಲ್ಲಿ ಪಶ್ಚಿಮ ಘಟ್ಟದ ಇಂಗ್ಲಿಷ್ ಹೆಸರು ನೋಡಿಕೊಂಡು ಬಂದು ಘಾಟ್ಸ್ ತುಂಬಿದ. ಅಲ್ಲಿರುವುದು ನಮ್ಮ ಘಕಾರವೇ. ಕಷ್ಟ ಇರುವುದು ಕೊನೆಯ ಎರಡು ಮನೆಯಲ್ಲಿ. ಲಾಫ್, ಕಾಫ್, ರಫ್, ಟಫ್ ಇವುಗಳಲ್ಲಿ ಫ. ವೇ (ತೂಗು), ಡೋ, ಥೈ (ತೊಡೆ) ಇವುಗಳಲ್ಲಿ ಮೌನ. ಇದಕ್ಕೆ ಸೂತ್ರ ಇಲ್ಲ, ಈ ಏಳನ್ನು ಮಾತ್ರ ನೆನಪಿಡಿ ಅಂದೆ. ಮೂವತ್ತರ ಬಾಯಿಪಾಠ ಏಳಕ್ಕೆ ಇಳಿಯಿತು.

ಅರ್ಥಕ್ಕೆ ಮಾತ್ರ ಇನ್ನೂ ಹೆಚ್ಚು ಕಷ್ಟಪಟ್ಟೆ. ಡೋ ಪದದ ಎದುರು ನಿಘಂಟಿನಲ್ಲಿದ್ದಂತೆ ಹಿಟ್ಟು ಎಂದು ಬರೆದಿದ್ದೆ. ಏಳನೇ ಕ್ಲಾಸಿನ ಹುಡುಗಿ ಎದ್ದು ನಿಂತು, "ಇಟ್ಟಾ ಮಿಸ್? ಅಂಗಾದ್ರೆ ನಾವು ದಿನಾ ಡೋ ಉಣ್ತೀವಾ?" ಅಂದಳು. ನಮ್ಮ ಕಡೆ ಹಿಟ್ಟು ಅಂದರೆ ರಾಗಿ ಮುದ್ದೆ, ಬೆಂದು ತಟ್ಟೆಗೆ ಬಂದದ್ದು. ಅವಳು ಕೇಳಿದ್ದು ನ್ಯಾಯವಾಗಿಯೇ ಇತ್ತು. ಒಳಗೆ ಹೋಗಿ ಗೋಧಿ ಹಿಟ್ಟಿಗೆ ನೀರು ಹಾಕಿ ಕಲಸಿ, ಆ ಉಂಡೆಯನ್ನು ತಂದು ಕೈಗೆ ಕೊಟ್ಟೆ. "ಓ, ಒಬ್ಬಟ್ಟಿನ ಕಣಕ!" ಅಂದಳು. ನಿಘಂಟಿನ ಹಿಟ್ಟು ಹೊಡೆದು ಕಣಕ ಎಂದು ಬರೆದೆವು. ಅಲ್ಲಿಂದ ಮುಂದೆ ಅರ್ಥವನ್ನು ಮಕ್ಕಳ ಮನೆಯಿಂದಲೇ ತರಿಸುತ್ತೇನೆ. ರಫ್ ಅಂದರೆ ಕೈ ಗೀರುವ ಕಬ್ಬಿನ ಗರಿ, ಟಫ್ ಅಂದರೆ ಹಲ್ಲಿಗೆ ಜಗ್ಗದ ಜಲ್ಲೆಯ ಗೆಣ್ಣು. ಈಗ ಅವೆರಡು ಅದಲುಬದಲಾಗುವುದಿಲ್ಲ.

"ಓದದಿರೋ ಅಕ್ಷರ ಯಾಕೆ ಇಟ್ಟವ್ರೆ ಮಿಸ್?" ಎಂದು ಆರನೇ ಕ್ಲಾಸಿನವನು ಕೇಳಿದ. ಇಂಗ್ಲಿಷ್ ಹಾಗೇ ಕಣೋ ಎಂದು ಹೇಳಿ ಕೂರಿಸಲು ನನಗೆ ಮನಸ್ಸು ಬರಲಿಲ್ಲ. ಹಳೆಯ ಇಂಗ್ಲಿಷಿನಲ್ಲಿ ಆ ಜಾಗದಲ್ಲಿ ಗಂಟಲಿನಿಂದ ಒಂದು ಸದ್ದು ನಿಜವಾಗಿಯೂ ಹೊರಡುತ್ತಿತ್ತು. ಜರ್ಮನ್ನರು ರಾತ್ರಿಗೆ ಈಗಲೂ ನಾಖ್ಟ್ ಅನ್ನುತ್ತಾರೆ, ಎಂಟಕ್ಕೆ ಆಖ್ಟ್. ಇಂಗ್ಲಿಷರ ಬಾಯಲ್ಲಿ ಸದ್ದು ಸವೆದುಹೋಯಿತು, ಅಚ್ಚಿನಲ್ಲಿ ಕಾಗುಣಿತ ಉಳಿದುಕೊಂಡಿತು. ವಿಲಿಯಂ ಕ್ಯಾಕ್ಸ್ಟನ್ ಇಂಗ್ಲೆಂಡಿಗೆ ಅಚ್ಚುಕೂಟ ತಂದದ್ದು 1476ರಲ್ಲಿ.

ಆ ಸವೆದ ಸದ್ದಿನ ದಾಯಾದಿಗಳು ನಮ್ಮ ಮನೆಯಲ್ಲೇ ಇದ್ದಾರೆ ಅಂದಾಗ ಮಕ್ಕಳು ಹತ್ತಿರ ಸರಿದು ಕೂತರು. ಕಾರ್ತಿಕ ಸೋಮವಾರ ಅಜ್ಜಿ ಹಗಲೆಲ್ಲ ಉಪವಾಸವಿದ್ದು ರಾತ್ರಿ ಊಟ ಮಾಡುವ ನಕ್ತ ಇದೆಯಲ್ಲ, ಆ ನಕ್ತವೂ ನೈಟೂ ಒಂದೇ ಬೇರಿನವು. ಏಟ್‌ಗೆ ಅಷ್ಟ, ರೈಟ್‌ಗೆ ನೇರ ಎಂಬ ಅರ್ಥದ ಋಜು. ತೂಗು ಎಂಬ ಅರ್ಥದ ವೇ ಪದಕ್ಕೆ ಮೊದಲು ಇದ್ದ ಅರ್ಥ ಹೊರು ಎಂದು. ಅದರ ಬೇರೇ ನಮ್ಮ ವಾಹನದ ವಹ್. ಕಬ್ಬಿನ ಗಾಡಿ ತೂಕಕ್ಕೆ ನಿಂತದ್ದನ್ನು ದಿನಾ ನೋಡುವ ಮಕ್ಕಳಿಗೆ ಹೊರುವುದೂ ತೂಗುವುದೂ ಒಟ್ಟಿಗೇ ಕಾಣಿಸಿತು. ಕಣಕದ ಡೋ ಕೂಡ ದೇಹ ಎಂಬ ಪದದ ಬೇರಿನದೇ, ನಾದಿ ರೂಪ ಕೊಟ್ಟದ್ದು ಎಂಬ ಅರ್ಥದಿಂದ ಬಂದದ್ದು. ಇದನ್ನು ಹೇಳುವಾಗ ನನಗೇ ಮೈ ಜುಮ್ಮೆಂದಿತು. ಇಂಗ್ಲಿಷ್ ಅಂದರೆ ಹೆದರಿ ತಲೆ ತಗ್ಗಿಸುತ್ತಿದ್ದ ಮಕ್ಕಳು ಇವು.

ಈಗ ಕೆ-ಎನ್ ಜೋಡಿ ಹಿಡಿದಿದ್ದೇವೆ. ಅಲ್ಲಿ ಕೆ ಮೂಕ. ನಾಕ್ ಅಂದರೆ ಕದ ತಟ್ಟು, ನೀಲ್ ಅಂದರೆ ಮಂಡಿಯೂರು. ಮಂಡಿ ಎಂಬ ಅರ್ಥದ ನಮ್ಮ ಜಾನು ಇದಕ್ಕೂ ದಾಯಾದಿ. ನಿನ್ನೆ ಕಣಕದ ಹುಡುಗಿ ಎಲ್ಲರಿಗಿಂತ ಮೊದಲು ಬಂದು, ಸುಣ್ಣದ ಕಡ್ಡಿ ತಾನೇ ತೆಗೆದುಕೊಂಡು ಮೊದಲ ಸಾಲು ತುಂಬಿಟ್ಟಿದ್ದಳು: ಕೆ-ಎನ್-ಇ-ಎ-ಡಿ. ಪಕ್ಕದಲ್ಲಿ ಕನ್ನಡದಲ್ಲಿ, ನಾದು.