ಚೆಕ್ಕುಬಂದಿ ಹಿಡಿದು ಹೊರಟೆ

ಮಲ್ಲೇಶ್ವರದ ನಮ್ಮ ಅಡ್ಡರಸ್ತೆಯಲ್ಲಿ ಹಳೆಯ ಮನೆಗಳು ಒಂದೊಂದಾಗಿ ಬೀಳುತ್ತಿವೆ. ಪೂರ್ತಿ ಹೋಗುವ ಮುಂಚೆ ಯಾವ ಮನೆ ಯಾವಾಗ ಎದ್ದಿತು ಅಂತ ಬರೆದಿಡಬೇಕು ಅನ್ನಿಸಿತು.

ಮೊದಲು ಗ್ರಂಥಾಲಯಕ್ಕೆ ಹೋದೆ. ಊರಿನ ಕತೆ ಸಿಕ್ಕಿತು. ಕಾಡು ಮಲ್ಲೇಶ್ವರ ಗುಡಿಯ ಹತ್ತಿರ 1669ರ ಶಾಸನವಿದೆ. ಶಿವಾಜಿಯ ತಮ್ಮ ಏಕೋಜಿ ಆ ದೇವರಿಗೆ ಮೇದರನಿಂಗನಹಳ್ಳಿಯನ್ನು ದತ್ತಿ ಕೊಟ್ಟ ವಿಷಯ ಅದರಲ್ಲಿದೆ. 1898ರಲ್ಲಿ ಪ್ಲೇಗ್ ಬಂದ ಮೇಲೆ ಪೇಟೆಯ ಇಕ್ಕಟ್ಟು ಬಿಟ್ಟು ಜನ ಇಲ್ಲಿಗೆ ಬಂದರು. ಆದರೆ ನಮ್ಮ ಬೀದಿಯ ಬಗ್ಗೆ ಒಂದು ಸಾಲೂ ಸಿಗಲಿಲ್ಲ.

ದಾರಿ ತೋರಿಸಿದ್ದು ಪಕ್ಕದ ಮನೆಯ ಅಜ್ಜಿ. ನಾಲ್ಕೈದು ಸಲ ಸುಮ್ನೆ ಕೂತು ಮಾತಾಡಿದ ಮೇಲೆ ಒಂದು ದಿನ, "ನಮ್ಮನೆ ಪತ್ರ ನೋಡ್ತೀಯೇನಪ್ಪಾ?" ಅಂದರು. ಟ್ರಂಕಿನಿಂದ 1930ರ ದಶಕದ ಕ್ರಯಪತ್ರ ಹೊರಬಂತು. ಅದರ ಚೆಕ್ಕುಬಂದಿ, ಅಂದರೆ ನಾಲ್ಕು ದಿಕ್ಕಿನ ಗಡಿಯ ವಿವರ, ಓದಿದೆ. ಪೂರ್ವಕ್ಕೆ ಇಂಥವರ ಮನೆ, ಪಶ್ಚಿಮಕ್ಕೆ ರಸ್ತೆ, ದಕ್ಷಿಣಕ್ಕೆ ಗಲ್ಲಿ, ಉತ್ತರಕ್ಕೆ ಖಾಲಿ ನಿವೇಶನ. ಉತ್ತರಕ್ಕಿರುವ ಮನೆಯನ್ನು ಬೀದಿಯವರೆಲ್ಲ ನೂರು ವರ್ಷದ್ದು ಅನ್ನುತ್ತಾರೆ. ಪತ್ರ ಬರೆದ ದಿನ ಅಲ್ಲಿ ಮನೆಯೇ ಇರಲಿಲ್ಲ!

ಅಲ್ಲಿಂದ ನನ್ನ ಕೆಲಸದ ರೀತಿಯೇ ಬದಲಾಯಿತು. ಒಂದು ಪತ್ರ ನಾಲ್ಕು ದಿಕ್ಕಿನ ನೆರೆಯವರ ಬಗ್ಗೆ ಹೇಳುತ್ತದೆ ಅಲ್ವಾ? ಆರು ಮನೆಗಳ ಚೆಕ್ಕುಬಂದಿ ಸಿಕ್ಕಿದಾಗ ದೊಡ್ಡ ಡ್ರಾಯಿಂಗ್ ಹಾಳೆಯ ಮೇಲೆ ಹೊಂದಿಸಿದೆ. ಅರ್ಧ ಬೀದಿ ಕಣ್ಣಮುಂದೆ ಬಂತು. ಪತ್ರ ತೋರಿಸಲು ಜನ ಹೆದರುತ್ತಾರೆ, ಅದು ಸಹಜ. ಹಾಗಾಗಿ ನಾನು ಫೋಟೊ ತೆಗೆಯುವುದಿಲ್ಲ, ಅವರೆದುರೇ ಕೂತು ಚೆಕ್ಕುಬಂದಿಯಷ್ಟನ್ನೇ ನಕಲು ಮಾಡಿಕೊಳ್ಳುತ್ತೇನೆ.

ತಪ್ಪೂ ಮಾಡಿದೆ. ಒಂದು ಪತ್ರದಲ್ಲಿ 'ಪೋಸ್ಟ್ ಮಾಸ್ಟರ ಮನೆ' ಅಂತಿತ್ತು, ಇನ್ನೊಂದರಲ್ಲಿ ಅವರದೇ ಹೆಸರಿತ್ತು. ಎರಡು ಮನೆ ಅಂತ ಬರೆದುಕೊಂಡಿದ್ದೆ. ಅಜ್ಜಿ ತಿದ್ದಿದರು.

ಹೆಂಚೂ ಸುಳಿವು ಕೊಡುತ್ತದೆ. ಮಂಗಳೂರಿನಲ್ಲಿ ಬಾಸೆಲ್ ಮಿಷನ್ ಹೆಂಚಿನ ಕಾರ್ಖಾನೆ ಶುರುವಾಗಿದ್ದು 1865ರಲ್ಲಿ. ಮೊದಲ ಮಹಾಯುದ್ಧದ ನಂತರ ಅವರ ಕಾರ್ಖಾನೆಗಳು ಕಾಮನ್‌ವೆಲ್ತ್ ಟ್ರಸ್ಟ್ ಅನ್ನೋ ಕಂಪನಿಯ ಹೆಸರಿಗೆ ಹೋದವು. ಆದ್ದರಿಂದ ಹೆಂಚಿನ ಮೇಲಿನ ಮುದ್ರೆಯಿಂದ ಅದರ ಕಾಲ ಅಂದಾಜು ಮಾಡಬಹುದು. ಹೆಂಚಿನ ಕಾಲ ಮಾತ್ರ, ಮನೆಯದ್ದಲ್ಲ. ಬಾಸೆಲ್ ಮುದ್ರೆ ಕಂಡು ನಾನು ಕುಣಿದಾಡಿದ ಮನೆಯ ಹೆಂಚುಗಳು ಬೇರೆ ಕಡೆ ಕೆಡವಿದ ಮನೆಯಿಂದ ತಂದವು ಅಂತ ಮನೆಯವರೇ ಹೇಳಿದರು.

ಹೋದ ತಿಂಗಳು ನಕ್ಷೆಯನ್ನು ಅಜ್ಜಿಯ ಮುಂದೆ ಹರಡಿದೆ. ಉತ್ತರದ ಖಾಲಿ ಚೌಕದ ಮೇಲೆ ಅವರು ಬೆರಳಿಟ್ಟರು. "ಇಲ್ಲೇ ಕಣಪ್ಪಾ ನಾವು ಕುಂಟೆಬಿಲ್ಲೆ ಆಡ್ತಿದ್ದಿದ್ದು. ಮನೆ ಕಟ್ಟೋಕೆ ಪಾಯ ತೆಗೆದಾಗ ನಾನು ಮಿಡ್ಲ್ ಸ್ಕೂಲಲ್ಲಿದ್ದೆ." ಅವರು ಯಾವ ವರ್ಷ ಮಿಡ್ಲ್ ಸ್ಕೂಲಿನಲ್ಲಿದ್ದರು ಅಂತ ಕೇಳಿ, ಆ ಚೌಕದೊಳಗೆ ಪೆನ್ಸಿಲಿನಲ್ಲಿ ಬರೆದುಕೊಂಡೆ.