ಹಾಲಿನ ರೇಟು ಬದಲಾದಾಗ ಗೊತ್ತಾಗಿದ್ದು

ನಮ್ಮ ಕಾಲೇಜಿನ ವಿಭಾಗದಲ್ಲಿ ಪಿಬಿಎಲ್ (ಪ್ರಾಬ್ಲಂ ಬೇಸ್ಡ್ ಲರ್ನಿಂಗ್, ಅಂದರೆ ಒಂದು ಸಮಸ್ಯೆಯನ್ನು ತಾವೇ ಬಿಡಿಸುತ್ತಾ ಕಲಿಯುವುದು) ಜೋರಾಗಿ ನಡೆಯುತ್ತಿದೆ ಅಂತ ಫೈಲ್ ಹೇಳುತ್ತಿತ್ತು. ನಿಜವಾಗಿ ನಡೆಯುತ್ತಿದೆಯಾ ಅಂತ ಅಳೆಯಲು ಹೊರಟೆ. "ಅದೆಲ್ಲ ಆಗಲ್ಲ ಸಾರ್, ಸುಮ್ನೆ ಸಿಒ-ಪಿಒ (ಕೋರ್ಸಿನಿಂದ, ಪದವಿಯಿಂದ ಏನು ಕಲಿತರು ಅನ್ನೋ ಪಟ್ಟಿ) ತುಂಬಿಬಿಡಿ" ಅಂದರು ಸಹೋದ್ಯೋಗಿಗಳು. 3 ಸೆಮಿಸ್ಟರ್ ಹಿಡಿಯಿತು, ಆದರೆ ಅಳೆದೆ.

ಮೊದಲು ವಿದ್ಯಾರ್ಥಿಗಳಿಗೆ ಗೂಗಲ್ ಫಾರ್ಮ್. ಎಲ್ಲರೂ ಐದಕ್ಕೆ ಐದು. ಸಿಐಇ (ಇಂಟರ್ನಲ್) ಮಾರ್ಕ್ಸ್ ನಮ್ಮ ಕೈಯಲ್ಲಿರುವಾಗ ಇನ್ನೇನು ಕೊಡುತ್ತಾರೆ? ಆಮೇಲೆ ಟೀಮಿನ ಚರ್ಚೆ ಕೇಳಲು 2 ವಾಯ್ಸ್ ರೆಕಾರ್ಡರ್ ತಂದೆ, ಹೆಚ್ಚುಕಮ್ಮಿ 6,000 ರೂಪಾಯಿ. ಬಿಲ್ ಪಾಸಾಗಲಿಲ್ಲ. ಸಿಕ್ಕಿದ್ದು ಬರೀ ಫ್ಯಾನ್ ಸದ್ದು. ಈಗ ಒಂದರಲ್ಲಿ ಮಗಳು ಸಂಗೀತ ಪಾಠ ರೆಕಾರ್ಡ್ ಮಾಡಿಕೊಳ್ಳುತ್ತಾಳೆ. ಗಿಟ್ ಲಾಗ್ (ಕೋಡನ್ನು ಯಾರು ಯಾವಾಗ ಬದಲಿಸಿದರು ಅನ್ನೋ ದಾಖಲೆ) ತೆಗೆದರೆ ಒಬ್ಬನದೇ 140 ಕಮಿಟ್, ಅಂದರೆ 140 ಸಲ ಬದಲಾವಣೆ! ಭಲೇ ಅಂದುಕೊಂಡೆ. ನೋಡಿದರೆ ಲ್ಯಾಬ್ ಸಿಸ್ಟಮ್‌ನಲ್ಲಿ ಅವನ ಯೂಸರ್ ನೇಮ್ ಹಾಗೇ ಉಳಿದು ಎಲ್ಲರದೂ ಅವನ ಲೆಕ್ಕಕ್ಕೇ ಬಿದ್ದಿತ್ತು, ಅಷ್ಟೇ. ಪಿಬಿಎಲ್ ಶುರುವಾಗಿದ್ದು 1969ರಲ್ಲಿ, ಕೆನಡಾದ ಮೆಕ್‌ಮಾಸ್ಟರ್‌ನ ಮೆಡಿಕಲ್ ವಿದ್ಯಾರ್ಥಿಗಳಿಗೆ. ಅವರ ಪುಣ್ಯ, ರೋಗಿಯನ್ನು ಗಿಟ್‌ಹಬ್‌ನಿಂದ (ಕೋಡ್ ಹಂಚಿಕೊಳ್ಳುವ ಸೈಟ್) ಇಳಿಸಿಕೊಳ್ಳಲು ಆಗಲ್ಲ.

ಕೊನೆಗೆ ಕೈ ಹಿಡಿದದ್ದು ಹಾಲಿನ ಡೈರಿ. ಡಿಬಿಎಂಎಸ್ (ಡೇಟಾಬೇಸ್) ವಿಷಯಕ್ಕೆ ಹಳ್ಳಿ ಡೈರಿಯ ಲೆಕ್ಕ ಕೊಟ್ಟಿದ್ದೆ: ಲೀಟರ್, ಫ್ಯಾಟ್, ಎಸ್‌ಎನ್‌ಎಫ್ (ಹಾಲಿನಲ್ಲಿ ಕೊಬ್ಬು ಬಿಟ್ಟು ಉಳಿದ ಘನಾಂಶ), ಬಟವಾಡೆ. ಒಂದು ದಿನ ಹೇಳದೆ ಕೇಳದೆ ಖರೀದಿ ದರ ಬದಲಾಯಿಸಿ, "ಹೋದ ತಿಂಗಳ ಬಿಲ್ ತೆಗೀರಪ್ಪ" ಅಂದೆ. ರೇಟನ್ನು ಒಂದೇ ಕಡೆ ಇಟ್ಟು ಮೇಲೆ ಮೇಲೆ ತಿದ್ದಿದವರಿಗೆ ಹಳೇ ಬಿಲ್ಲೂ ಹೊಸ ದರದಲ್ಲೇ ಬಂತು. ಡೈರಿ ಸೆಕ್ರೆಟರಿ ಹತ್ತಿರ ಕೂತು ಕೇಳಿ ಬಂದವರು ಮಾತ್ರ ದರದ ಜೊತೆ ತಾರೀಖನ್ನೂ ಇಟ್ಟಿದ್ದರು. 16 ಟೀಮಲ್ಲಿ ನಾಲ್ಕೋ ಐದೋ.

ತಪ್ಪು ಹುಡುಗರದು ಅಂತಿದ್ದೆ. ಆದರೆ ಲ್ಯಾಬ್ ಇನ್‌ಸ್ಟ್ರಕ್ಟರ್ ಕೈಗೆ ಸ್ಟಾಪ್‌ವಾಚ್ ಕೊಟ್ಟು ಮೇಷ್ಟ್ರುಗಳ ಮಾತನ್ನೂ ಅಳೆಸಿದ್ದೆ. 50 ನಿಮಿಷದಲ್ಲಿ 40 ನಿಮಿಷ ನಾವೇ! ಅದರಲ್ಲೂ ನಂದೇ ಜಾಸ್ತಿ. ಇಆರ್ ಡಯಾಗ್ರಾಮನ್ನೂ (ಯಾವ ಮಾಹಿತಿಗೆ ಯಾವುದರ ಜೊತೆ ಸಂಬಂಧ ಅಂತ ತೋರಿಸುವ ನಕ್ಷೆ) ನಾವೇ ಬೋರ್ಡ್ ಮೇಲೆ ಬರೆದುಕೊಟ್ಟರೆ ಅವರಿಗೆ ಉಳಿಯೋ ಪ್ರಾಬ್ಲಂ ಏನು, ಹೇಳಿ? ಮುಂದಿನ ಬ್ಯಾಚಿಗೆ 15 ನಿಮಿಷಕ್ಕೆ ಬಾಯಿ ಮುಚ್ಚಿದೆವು. 11 ಟೀಮ್ ದಾಟಿದವು. ರೇಟಿನ ಗುಟ್ಟು ಸೀನಿಯರ್‌ಗಳು ಹೇಳಿಕೊಟ್ಟಿರುತ್ತಾರೆ ಅಂತ ಆ ಸಲ ಬೇರೆಯದೇ ಒಂದು ಬದಲಾವಣೆ ಕೊಟ್ಟಿದ್ದೆ. ಏನೆಂದು ಬರೆಯಲ್ಲ, ನಮ್ಮ ಹುಡುಗರೂ ಇದನ್ನು ಓದುತ್ತಾರೆ.

ಚಾಟ್‌ಜಿಪಿಟಿ ಬರೆದ ಟೇಬಲ್‌ಗಳನ್ನೂ ಒಮ್ಮೆ ಹೀಗೇ ಕೆಡವಲು ನೋಡಿದೆ. ದರದಲ್ಲಿ ಬಚಾವಾಯಿತು. ಆದರೆ ದಿನಕ್ಕೆ ಒಬ್ಬರಿಗೆ ಒಂದೇ ಎಂಟ್ರಿ ಇಟ್ಟಿತ್ತು. ಬೆಳಗ್ಗೆ, ಸಂಜೆ ಎರಡು ಹೊತ್ತು ಹಾಲು ಹಾಕುತ್ತಾರೆ ಅಂತ ಅದಕ್ಕೆ ಯಾರು ಹೇಳಬೇಕು?

"ಆಗಲ್ಲ" ಅಂದಿದ್ದವರು ಎನ್‌ಬಿಎ (ಕೋರ್ಸುಗಳಿಗೆ ಮಾನ್ಯತೆ ಕೊಡುವ ಮಂಡಳಿ) ವಿಸಿಟ್‌ಗೆ ಅಂತ ಈಗ ಈ ಲೆಕ್ಕದ ಶೀಟ್ ಕೇಳುತ್ತಿದ್ದಾರೆ. ಮೊದಲು ರೆಕಾರ್ಡರ್ ಬಿಲ್ ಪಾಸ್ ಮಾಡಿಸಿ ಅಂದಿದ್ದೇನೆ.