ಗೋಡೆ ಒಡೆಯುವ ಮುನ್ನ: ಇಪ್ಪತ್ತು ವರ್ಷ ಹಳೆಯ ಎಸಿ ಕೊಳವೆಗಳೊಡನೆ ನನ್ನ ಅನುಭವ

ಮಂಗಳೂರಿನ ನಮ್ಮ ಮನೆಯನ್ನು ತಂದೆಯವರು 2003ರಲ್ಲಿ ಕಟ್ಟಿಸಿದಾಗ, ಎರಡು ಮಲಗುವ ಕೋಣೆಗಳ ಎಸಿಗೆ ಬೇಕಾದ ತಾಮ್ರದ ಕೊಳವೆಗಳನ್ನು ಕೆಂಪುಕಲ್ಲಿನ ಗೋಡೆಯೊಳಗೆ ಕೂರಿಸಿ ಮೇಲೆ ಗಾರೆ ಮಾಡಿಸಿದ್ದರು. ಒಂದು ಕೊಳವೆಯೂ ಕಣ್ಣಿಗೆ ಬೀಳದಿರುವುದನ್ನು ಅವರು ಬಂದವರಿಗೆಲ್ಲ ತೋರಿಸುತ್ತಿದ್ದರು. ಇಪ್ಪತ್ತು ವರ್ಷ ಕಳೆಯುವಷ್ಟರಲ್ಲಿ ಒಂದು ಕೋಣೆಯ ಎಸಿಗೆ ಪ್ರತಿ ಬೇಸಿಗೆಯಲ್ಲೂ ಗ್ಯಾಸ್ ತುಂಬಿಸಬೇಕಾಗಿ ಬಂತು. ಇನ್ನೊಂದು ಚೆನ್ನಾಗಿಯೇ ತಂಪು ಕೊಡುತ್ತಿದ್ದರೂ, ಅದರ ಕೊಳವೆ ಹಾದುಹೋಗುವ ಗೋಡೆಯಲ್ಲಿ ಮೇ ತಿಂಗಳು ಬಂತೆಂದರೆ ಮಾರುದ್ದದ ಒದ್ದೆ ಕಲೆ ಮೂಡುತ್ತಿತ್ತು. ನೋಡಲು ಬಂದ ಮೆಕ್ಯಾನಿಕ್ ಹತ್ತು ನಿಮಿಷದಲ್ಲಿ, “ಎರಡೂ ಪೈಪ್ ಹೋಗಿದೆ ಸರ್, ಗೋಡೆ ಒಡೆಯಲೇಬೇಕು” ಎಂದುಬಿಟ್ಟರು.

ನಾನು ಐಸ್ ಪ್ಲಾಂಟಿನ ನಿರ್ವಹಣೆಯಲ್ಲಿ ಹದಿನೆಂಟು ವರ್ಷ ಕಳೆದವನು. ಅಲ್ಲಿ ಅಮೋನಿಯಾ ಸೋರಿದರೆ ಮೂಗೇ ಹೇಳುತ್ತದೆ, ಮನೆಯ ಎಸಿಯ ಅನಿಲಕ್ಕೆ ಅಂಥ ವಾಸನೆಯಿಲ್ಲ. ಆದ್ದರಿಂದ ಗ್ಯಾಸಿನ ತೊಂದರೆ ಬೇರೆ, ನೀರಿನ ತೊಂದರೆ ಬೇರೆ ಎಂದು ಭಾವಿಸಿ ಎರಡನ್ನೂ ಪ್ರತ್ಯೇಕವಾಗಿ ಪರೀಕ್ಷಿಸಲು ನಿರ್ಧರಿಸಿದೆ.

ಮೊದಲು ಒದ್ದೆ ಗೋಡೆಯನ್ನು ಕೈಗೆತ್ತಿಕೊಂಡೆ. ಎಸಿಯನ್ನು ಒಂದು ವಾರ ನಿಲ್ಲಿಸಿ, ಬಟ್ಟೆಗೆ ಹಾಕುವ ನೀಲಿಯನ್ನು ಬೆರೆಸಿದ ಎರಡು ಲೀಟರ್ ನೀರನ್ನು ಒಳಯಂತ್ರದ ತಟ್ಟೆಗೆ ನಿಧಾನವಾಗಿ ಸುರಿದೆ. ಹೊರಗೆ ಡ್ರೈನ್ ಪೈಪಿನ ಬಾಯಿಗೆ ಇಟ್ಟ ಬಕೆಟ್ಟಿಗೆ ಹೆಚ್ಚುಕಡಿಮೆ ಅಷ್ಟೂ ನೀರು ಬಂತು, ಗೋಡೆಯಲ್ಲಿ ನೀಲಿಯ ಸುಳಿವೇ ಇರಲಿಲ್ಲ. ಹಾಗಾದರೆ ಸೋರುತ್ತಿದ್ದುದು ಡ್ರೈನ್ ಅಲ್ಲ. ಒಳಯಂತ್ರವನ್ನು ಇಳಿಸಿ ಕೊಳವೆಯ ತುದಿಯನ್ನು ಎಳೆದು ನೋಡಿದಾಗ, ಸುತ್ತಿದ್ದ ಕಪ್ಪು ಇನ್ಸುಲೇಷನ್ ಬೆರಳ ನಡುವೆ ಒಣ ಬಿಸ್ಕತ್ತಿನಂತೆ ಪುಡಿಯಾಯಿತು. ಪ್ರತಿ ಎಸಿಗೂ ಒಂದು ದಪ್ಪ, ಒಂದು ತೆಳು ಎಂದು ಎರಡು ಕೊಳವೆಗಳಿರುತ್ತವೆ; ಇನ್ಸುಲೇಷನ್ ಇದ್ದದ್ದು ದಪ್ಪ ಕೊಳವೆಗೆ ಮಾತ್ರ. ತೆಳು ಕೊಳವೆಯನ್ನು ಬರಿದಾಗಿಯೇ ಅದರ ಜೊತೆಗಿಟ್ಟು ಟೇಪು ಸುತ್ತಿದ್ದರು. ಸಾಮಾನ್ಯವಾಗಿ ಸ್ಪ್ಲಿಟ್ ಎಸಿಗಳಲ್ಲಿ ಅನಿಲದ ಒತ್ತಡ ಇಳಿಯುವ ಜಾಗ ಹೊರಯಂತ್ರದಲ್ಲಿಯೇ ಇರುವುದರಿಂದ ತೆಳು ಕೊಳವೆಯೂ ದಪ್ಪ ಕೊಳವೆಯಷ್ಟೇ ತಣ್ಣಗಿರುತ್ತದೆ. ಕರಾವಳಿಯ ಮೇ ತಿಂಗಳ ಗಾಳಿಯಲ್ಲಿ, ಬೆತ್ತಲೆ ತಾಮ್ರವು ಫ್ರಿಜ್ಜಿನಿಂದ ತೆಗೆದಿಟ್ಟ ನೀರಿನ ಬಾಟಲಿಯಂತೆ ಗೋಡೆಯೊಳಗೇ ಬೆವರುತ್ತಿತ್ತು.

ಮುಂದಿನದು ಒತ್ತಡದ ಪರೀಕ್ಷೆ. ಹಳೆಯ ಯಂತ್ರಗಳ ಜಾಗಕ್ಕೆ ಹೊಸವನ್ನು ತರಲಿದ್ದೆ. ಹಳೆಯವುಗಳಲ್ಲಿದ್ದ ತಂಪು ಕೊಡುವ ಅನಿಲ ಆರ್-22, ಹೊಸದರಲ್ಲಿ ಬರುವುದು ಆರ್-32; ಒಂದೇ ಉಷ್ಣತೆಯಲ್ಲಿ ಇದರ ಒತ್ತಡ ಸುಮಾರು ಒಂದೂವರೆ ಪಟ್ಟಿಗಿಂತ ಹೆಚ್ಚು. ಡಿಸೆಂಬರಿನಲ್ಲಿ, ಇನ್ನೊಬ್ಬ ಅನುಭವಿ ಮೆಕ್ಯಾನಿಕ್‌ನ ನೆರವಿನಿಂದ ಹಳೆಯ ಗ್ಯಾಸನ್ನು ಗಾಳಿಗೆ ಬಿಡದೆ ಸಿಲಿಂಡರಿಗೆ ಇಳಿಸಿ, ಎರಡೂ ಯಂತ್ರಗಳನ್ನು ಬಿಚ್ಚಿ, ಕೊಳವೆಗಳನ್ನು ಮಾತ್ರ ಪರೀಕ್ಷೆಗೆ ಉಳಿಸಿಕೊಂಡೆವು. ತುದಿಗಳನ್ನು ಮುಚ್ಚಿ, ರೆಗ್ಯುಲೇಟರ್ ಇಟ್ಟು, ಹೊಸ ಯಂತ್ರದ ಕೈಪಿಡಿ ಹೇಳುವ ಮಿತಿಯೊಳಗೆ ಒಣ ನೈಟ್ರೋಜನ್ನನ್ನು 50, 200, 550 ಪಿಎಸ್‌ಐ (ಒತ್ತಡದ ಅಳತೆ) ಎಂದು ಹಂತಹಂತವಾಗಿ ಏರಿಸಿದೆವು. ಈ ಕೆಲಸಕ್ಕೆ ಆಮ್ಲಜನಕವನ್ನು ಎಂದಿಗೂ ಬಳಸಕೂಡದು, ಕೊಳವೆಯೊಳಗಿನ ಎಣ್ಣೆಯ ಜೊತೆ ಸೇರಿದರೆ ಸ್ಫೋಟವಾಗುತ್ತದೆ.

ಒದ್ದೆ ಗೋಡೆಯ ಕೊಳವೆಯ ಗೇಜು ಮರುದಿನ ಬೆಳಗ್ಗೆ 539 ತೋರಿಸಿದಾಗ ಮನಸ್ಸು ಕುಗ್ಗಿತು. ಆದರೆ ಹಿಂದಿನ ದಿನ ಸಂಜೆ ಕೋಣೆಯಲ್ಲಿ 31 ಡಿಗ್ರಿಯಿದ್ದು, ಆಗ 25ಕ್ಕೆ ಇಳಿದಿತ್ತು. ಅಷ್ಟು ಒತ್ತಡದಲ್ಲಿ ಪ್ರತಿ ಡಿಗ್ರಿಗೆ ಎರಡು ಪಿಎಸ್‌ಐಗೆ ತುಸು ಕಡಿಮೆ ಇಳಿಯುವುದು ಸಹಜ. ಸಂಜೆ ನಾಲ್ಕಕ್ಕೆ ಮುಳ್ಳು ಮರಳಿ 550ಕ್ಕೆ ಬಂತು. ಈ ಲೆಕ್ಕ ಹಾಕದೆ ಗೋಡೆ ಒಡೆಸಿದವರು ಎಷ್ಟೋ ಮಂದಿ ಇರಬಹುದು.

ಪ್ರತಿ ವರ್ಷ ಗ್ಯಾಸ್ ಕಳೆಯುತ್ತಿದ್ದ ಕೊಳವೆ ಮಾತ್ರ ಒಂದೇ ಗಂಟೆಯಲ್ಲಿ 40 ಪಿಎಸ್‌ಐ ಕಳೆದುಕೊಂಡಿತು. ಸೋಪಿನ ನೀರು ಹಚ್ಚಿದಾಗ ಗುಳ್ಳೆ ಎದ್ದದ್ದು ಒಳಯಂತ್ರದ ಹಿಂದಿನ ಗೂಡಿನಲ್ಲಿ, ಮೂಲದಲ್ಲಿ ಕೊಳವೆಯನ್ನು ಒತ್ತಿ ಬಗ್ಗಿಸಿದ್ದ ಕಡೆ, ಅಂದರೆ ಗೋಡೆಯ ಹೊರಗೇ. ಒಂದು ಗೇಣು ಕತ್ತರಿಸಿ, ಪರೀಕ್ಷೆಗಾಗಿ ಹೊಸ ಫ್ಲೇರ್ ಮಾಡಿ (ಅಂದರೆ ನಟ್ಟಿಗೆ ಕೂರುವಂತೆ ಕೊಳವೆಯ ಬಾಯಿ ಅಗಲಿಸಿ) ಮತ್ತೆ ಒತ್ತಡ ಕೊಟ್ಟರೆ ಒಂದು ದಿನಪೂರ್ತಿ ನಿಂತಿತು. ಕತ್ತರಿಸಿದ ತುಂಡಿನ ತಾಮ್ರದ ದಪ್ಪ 0.8 ಮಿ.ಮೀ. ಇತ್ತು, ಇನ್ಸುಲೇಷನ್ ಇನ್ನೂ ಮೆತ್ತಗಿತ್ತು, ಅಳತೆಯೂ ಹೊಸ ಯಂತ್ರಕ್ಕೆ ಬೇಕಾದ ಕಾಲಿಂಚು ಮತ್ತು ಅರ್ಧ ಇಂಚೇ ಆಗಿತ್ತು.

ಹೀಗೆ ಕೆಟ್ಟಿದೆ ಎಂದುಕೊಂಡಿದ್ದ ಕೊಳವೆ ಉಳಿಯಿತು, ಒತ್ತಡ ತಡೆದ ಕೊಳವೆಯನ್ನು ಕೈಬಿಡಬೇಕಾಯಿತು. ಏಕೆಂದರೆ ಗೋಡೆಯೊಳಗಿನ ಇನ್ಸುಲೇಷನ್ನನ್ನು ಬದಲಿಸುವ ದಾರಿ ಯಾವುದೂ ಇಲ್ಲ. ಉಳಿಸಿಕೊಂಡ ಕೊಳವೆಯೊಳಗೆ ಆರ್-22ರ ಖನಿಜ ಎಣ್ಣೆ ಅಂಟಿಕೊಂಡಿದ್ದರಿಂದ, ಇನ್ನೊಂದು ತುದಿಗೆ ಬಿಳಿ ಬಟ್ಟೆ ಹಿಡಿದು, ಕಪ್ಪು ಕಲೆ ಬೀಳುವುದು ನಿಲ್ಲುವವರೆಗೂ ನೈಟ್ರೋಜನ್ ಊದಿಸಿದೆವು. ಆಮೇಲೆ ಹೊಸ ಯಂತ್ರದೊಂದಿಗೆ ಬಂದ ನಟ್ಟುಗಳಿಗೆ ಹೊಂದುವಂತೆ ಫ್ಲೇರ್ ಮಾಡಿ, ಒಳಗಿನ ಗಾಳಿ, ತೇವ ಹೋಗಲೆಂದು ವ್ಯಾಕ್ಯೂಮ್ ಪಂಪನ್ನು 400 ಮೈಕ್ರಾನ್ (ಒಳಗೆ ಉಳಿದ ಒತ್ತಡದ ಅಳತೆ) ಬರುವವರೆಗೆ ಓಡಿಸಿದೆವು.

ಕೈಬಿಟ್ಟ ಕೊಳವೆಯ ಎರಡೂ ತುದಿಗಳನ್ನು ಬೆಸುಗೆಯಿಂದ ಮುಚ್ಚಿ ಗೋಡೆಯಲ್ಲಿಯೇ ಬಿಟ್ಟೆವು. ಅದರ ಬದಲು ನಡುವೆ ಎಲ್ಲಿಯೂ ಬೆಸುಗೆಯಿಲ್ಲದ ಹೊಸ ಕೊಳವೆಗಳನ್ನು, ದಪ್ಪ ಮತ್ತು ತೆಳು ಎರಡಕ್ಕೂ ಬೇರೆಬೇರೆಯಾಗಿ 19 ಮಿ.ಮೀ. ನೈಟ್ರೈಲ್ ರಬ್ಬರಿನ ಇನ್ಸುಲೇಷನ್ ತೊಡಿಸಿ, ಹೊರಗೋಡೆಯ ಮೇಲೆ ಪಿವಿಸಿ ಕವಚದೊಳಗೆ ಹಾಯಿಸಿದೆವು. ಡ್ರೈನಿಗೆ ಪ್ರತಿ ಮೀಟರಿಗೆ ಒಂದು ಸೆಂಟಿಮೀಟರ್ ಇಳಿಜಾರು ಕೊಟ್ಟೆವು. ಗೇಟಿನಿಂದಲೇ ಕವಚ ಕಾಣುತ್ತದೆ, ಇರಲಿ. ಅಮ್ಮ ಮಾತ್ರ ಇನ್ನೂ ಅದನ್ನು ನೋಡಿ ಮುಖ ಸಿಂಡರಿಸುತ್ತಾರೆ.

ಒದ್ದೆಯಾಗಿದ್ದ ಗೋಡೆಗೆ ಬಣ್ಣ ಹೊಡೆಸಲು ಒಂದು ಬೇಸಿಗೆ ಮತ್ತು ಒಂದು ಮಳೆಗಾಲ ಕಾದೆ. ನವೆಂಬರಿನಲ್ಲಿ ಕಲೆಯಿದ್ದ ಜಾಗಕ್ಕೆ ಪ್ಲಾಸ್ಟಿಕ್ ಹಾಳೆಯನ್ನು ಅಂಚು ಬಿಡದಂತೆ ಟೇಪಿನಿಂದ ಅಂಟಿಸಿ, ಎರಡು ದಿನದ ಮೇಲೆ ತೆಗೆದಾಗ ಒಳಬದಿಯಲ್ಲಿ ಒಂದು ಹನಿಯೂ ಇರಲಿಲ್ಲ. ಮರುದಿನವೇ ಪೇಂಟರಿಗೆ ಬರಹೇಳಿದೆ.